ಉಬ್ಬರದ ವೇಳೆ ನೋಡಿ ಪಂಪು ಇಡಬೇಕು: ಮಾಟುಂಗದ ತಗ್ಗು ರಸ್ತೆಗಳ ಮಳೆಗಾಲದ ತಯಾರಿ

ಮುಂಬೈಯ ಮಾಟುಂಗ, ಕಿಂಗ್ಸ್ ಸರ್ಕಲ್, ಸಾಯನ್ ಕಡೆಯ ತಗ್ಗು ರಸ್ತೆಗಳಲ್ಲಿ ಮಳೆಗಾಲದ ಪಂಪು, ಗಟಾರದ ಕೆಲಸ ನಮ್ಮದು. ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಇವತ್ತು ಎಷ್ಟು ಮಳೆ ಎಂದು ಕೇಳಬೇಡಿ, ಯಾವ ಗಂಟೆಯಲ್ಲಿ ಎಷ್ಟು ಎಂದು ಕೇಳಿ. 100 ಮಿ.ಮೀ. ಮಳೆ ಬೆಳಗಿನಿಂದ ರಾತ್ರಿವರೆಗೆ ಹನಿದರೆ ರಸ್ತೆ ತಡೆದುಕೊಳ್ಳುತ್ತದೆ. ಅದೇ 100 ಮಿ.ಮೀ. ಎರಡು ಗಂಟೆಯಲ್ಲಿ, ಸಮುದ್ರ ಉಬ್ಬರದಲ್ಲಿರುವಾಗ ಸುರಿದರೆ ಬಸ್ಸು ನಿಲ್ಲುತ್ತದೆ.

ಕಾರಣ ನೆಲದಡಿಯಲ್ಲಿದೆ. ಹಳೆಯ ಮುಂಬೈಯ ಮಳೆನೀರಿನ ಗಟಾರಗಳನ್ನು ಕಟ್ಟಿದ್ದು ಗಂಟೆಗೆ ಸುಮಾರು 25 ಮಿ.ಮೀ. ಮಳೆಗೆ, ಅದೂ ಇಳಿತದ ಹೊತ್ತಿನ ಲೆಕ್ಕದಲ್ಲಿ. ಉಬ್ಬರದಲ್ಲಿ ಸಮುದ್ರ ಗಟಾರದ ಬಾಯಿಗಿಂತ ಮೇಲೇರಿದರೆ ನೀರು ತಾನಾಗಿ ಹೊರಗೆ ಹರಿಯುವುದಿಲ್ಲ. ನಗರದ ಮಳೆನೀರಿನ ಗಟಾರಗಳನ್ನು ಸುಧಾರಿಸುವ ಯೋಜನೆಯಾದ ಬ್ರಿಮ್‌ಸ್ಟೋವಾಡ್‌ನ 1993ರ ವರದಿ ಅದನ್ನು 50 ಮಿ.ಮೀ.ಗೆ ಏರಿಸಬೇಕೆಂದಿತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಸುರಿದ ಮೇಲೆ ಆ ಕೆಲಸಕ್ಕೆ ವೇಗ ಬಂತು. ಹಾಜಿ ಅಲಿ, ಇರ್ಲಾ, ಲವ್ ಗ್ರೋವ್‌ನಲ್ಲಿ ದೊಡ್ಡ ಪಂಪಿಂಗ್ ಸ್ಟೇಷನ್‌ಗಳು ಎದ್ದವು. ಆದರೆ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ತೇವ ಹಿಡಿದಿಟ್ಟುಕೊಳ್ಳುತ್ತದೆ, ಹಿಡಿದದ್ದನ್ನು ಒಮ್ಮೆಲೇ ಸುರಿಯುತ್ತದೆ. 50ರ ಲೆಕ್ಕವೇ ಸಾಲದ ಗಂಟೆಗಳು ಈಗ ಬರುತ್ತಿವೆ.

ತಯಾರಿ ಶುರುವಾಗುವುದು ಉಬ್ಬರ–ಇಳಿತದ ಪಟ್ಟಿಯಿಂದ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ 4.5 ಮೀಟರ್ ದಾಟುವ ದಿನಗಳನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಂಪು ಪೆನ್ನಿನಲ್ಲಿ ಗುರುತು ಮಾಡಿ ಚೌಕಿಯ ಗೋಡೆಗೆ ಅಂಟಿಸುತ್ತೇವೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಆದ್ದರಿಂದ ಪಾಳಿಯನ್ನು ಎಂಟು ಗಂಟೆಯ ಸರಕಾರಿ ಲೆಕ್ಕದಲ್ಲಿ ಹಂಚಿದರೆ ಉಪಯೋಗವಿಲ್ಲ. ಉಬ್ಬರದ ತುದಿಗೆ ಎರಡು ಗಂಟೆ ಮೊದಲೇ ಜನ ಪಂಪಿನ ಹತ್ತಿರ ಇರಬೇಕು, ತುದಿ ಕಳೆದು ಎರಡು ಗಂಟೆಯವರೆಗೂ ಕದಲಬಾರದು. ನಾಲೆ ಸಮುದ್ರ ಸೇರುವ ಬಾಯಲ್ಲಿರುವ ಗೇಟನ್ನು ಇಳಿತದಲ್ಲೇ ಇಳಿದು ನೋಡಬೇಕು. ಒಂದು ಮರದ ತುಂಡೋ ನಾಲ್ಕು ಬಾಟಲಿಯೋ ಗೇಟಿನ ಅಂಚಿನಲ್ಲಿ ಸಿಕ್ಕಿಕೊಂಡರೂ ಸಾಕು, ಮಳೆಯೇ ಇಲ್ಲದ ದಿನ ಉಪ್ಪುನೀರು ಒಳಗೆ ಬಂದು ಗಟಾರ ತುಂಬಿಸಿಬಿಡುತ್ತದೆ.

ಈಗ ಪಂಪಿನ ಲೆಕ್ಕ. ಒಂದು ಹೆಕ್ಟೇರ್ ಜಾಗದ ಮೇಲೆ 50 ಮಿ.ಮೀ. ಬಿದ್ದರೆ 500 ಘನ ಮೀಟರ್ ನೀರು. ಸುತ್ತಲೆಲ್ಲ ಕಾಂಕ್ರೀಟು, ಇಂಗುವ ಮಾತೇ ಇಲ್ಲ. ಅಂದರೆ ಗಂಟೆಗೆ 500 ಘನ ಮೀಟರ್ ಎಳೆಯುವ ಪಂಪು ಒಂದು ಹೆಕ್ಟೇರಿನ ನೀರನ್ನಷ್ಟೇ ಹೊರಹಾಕಬಲ್ಲದು, ಅಕ್ಕಪಕ್ಕದ ರಸ್ತೆಯಿಂದ ಹರಿದು ಬರುವುದು ಬೇರೆ. ‘ನಮ್ಮ ಚೌಕಕ್ಕೆ ಒಂದು ಪಂಪು ಕೊಡಿ’ ಎಂದು ಕೇಳುವವರು ಮೊದಲು ಆ ಚೌಕಕ್ಕೆ ಎಷ್ಟು ಹೆಕ್ಟೇರಿನ ನೀರು ಇಳಿಯುತ್ತದೆ ಎಂದು ನಕ್ಷೆಯಲ್ಲಿ ಅಳೆಯಲಿ.

ಪಂಪು ಕೈಕೊಡುವುದು ಹೆಚ್ಚಾಗಿ ಎಂಜಿನ್ನಿನಿಂದಲ್ಲ. ಹೀರುವ ಪೈಪಿನ ಜೋಡಣೆಯಲ್ಲಿ ರಬ್ಬರ್ ವಾಷರ್ ಒಣಗಿ ಬಿರುಕು ಬಿಟ್ಟಿರುತ್ತದೆ, ಅಲ್ಲಿಂದ ಗಾಳಿ ಎಳೆದು ನೀರು ಏರುವುದೇ ಇಲ್ಲ. ಪ್ರತಿ ಜೋಡಣೆಗೆ ಎರಡು ವಾಷರ್ ಹೆಚ್ಚುವರಿ ಇರಲಿ. ಪೈಪಿನ ಬಾಯಿಯ ಜಾಲರಿಗೆ ಪ್ಲಾಸ್ಟಿಕ್ ಚೀಲ ಅಂಟಿಕೊಳ್ಳುವುದು ಎರಡನೆಯ ಕಾರಣ. ಅದಕ್ಕೆ ಜಾಲರಿಯನ್ನು ದೊಡ್ಡ ಕಬ್ಬಿಣದ ಬುಟ್ಟಿಯೊಳಗೆ ಇಟ್ಟು, ಬುಟ್ಟಿ ಬಳಿಯಲು ಉದ್ದ ಕೊಕ್ಕೆ ಹಿಡಿದು ಒಬ್ಬನನ್ನು ನಿಲ್ಲಿಸಬೇಕು. ಮೂರನೆಯದು ತುಂಬಾ ಬೇಸರದ್ದು: ಎತ್ತಿದ ನೀರನ್ನು ಅದೇ ತುಂಬಿದ ಗಟಾರದ ಮುಂದಿನ ಚೇಂಬರಿಗೆ ಬಿಡುವುದು. ಅದು ತಿರುಗಿ ಅಲ್ಲಿಗೇ ಬರುತ್ತದೆ, ಡೀಸೆಲ್ ಸುಟ್ಟದ್ದಷ್ಟೇ ಲಾಭ. ಬಿಡುವ ಜಾಗ ನಾಲೆಯಾಗಿರಬೇಕು, ಇಲ್ಲವೇ ತೊಟ್ಟಿಯಾಗಿರಬೇಕು. ದಾದರ್ ಬಳಿಯ ತಗ್ಗು ಜಾಗ ಹಿಂದ್ಮಾತಾದ ನೀರಿಗಾಗಿ ಪ್ರಮೋದ್ ಮಹಾಜನ್ ಉದ್ಯಾನ, ಸೇಂಟ್ ಝೇವಿಯರ್ಸ್ ಮೈದಾನದಡಿ ಪಾಲಿಕೆ ತೊಟ್ಟಿಗಳನ್ನು ಕಟ್ಟಿದ್ದು ಇದೇ ತತ್ವದ ಮೇಲೆ: ಉಬ್ಬರ ಇರುವವರೆಗೆ ಹಿಡಿದಿಡು, ಇಳಿದ ಮೇಲೆ ಬಿಡು.

30 ಎಚ್‌ಪಿ ಡೀಸೆಲ್ ಎಂಜಿನ್ ಪೂರ್ತಿ ಹೊರೆಯಲ್ಲಿ ಗಂಟೆಗೆ 5ರಿಂದ 6 ಲೀಟರ್ ಕುಡಿಯುತ್ತದೆ. 12 ಗಂಟೆಗೆ 70 ಲೀಟರ್. ನೀರು ನಿಂತ ಮೇಲೆ ಟ್ಯಾಂಕರ್ ಬರುವ ಹಾದಿಯಿಲ್ಲ, ಹಾಗಾಗಿ ಡೀಸೆಲ್ ಮೊದಲೇ ಪಂಪಿನ ಹತ್ತಿರ, ಎತ್ತರದ ಕಟ್ಟೆಯ ಮೇಲೆ ಬೀಗ ಹಾಕಿಟ್ಟಿರಬೇಕು.

ಹೂಳೆತ್ತುವ ಬಗ್ಗೆ ಲಾರಿ ಲೆಕ್ಕವನ್ನು ನಾನು ನಂಬುವುದಿಲ್ಲ. ಗುರುತು ಕೊರೆದ ಕೋಲನ್ನು ನಾಲೆಯ ತಳಕ್ಕೆ ಇಳಿಸಿ, ಹೂಳೆತ್ತುವ ಮೊದಲು ಮತ್ತು ಆಮೇಲೆ ಅದೇ ಜಾಗದಲ್ಲಿ ಅಳೆಯಬೇಕು. ಎತ್ತಿದ್ದನ್ನು ದಂಡೆಯಲ್ಲೇ ಬಿಟ್ಟರೆ ಮೊದಲ ಮಳೆಗೆ ವಾಪಸ್ ನಾಲೆಗೆ. ಇದನ್ನೆಲ್ಲ ಮೇ ಕೊನೆಗೆ ಮುಗಿಸುವ ರೂಢಿ ಇತ್ತು. 2025ರಲ್ಲಿ ಮುಂಗಾರು ಮೇ 26ಕ್ಕೇ ಮುಂಬೈ ಮುಟ್ಟಿತು, ಈಗ ನಮ್ಮ ಗಡುವು ಮೇ 15.

ಮಾಟುಂಗದಲ್ಲಿ ಇನ್ನೊಂದು ತೊಡಕು ನಮ್ಮವರ ಹೋಟೆಲುಗಳದ್ದೇ. ಪಾತ್ರೆ ತೊಳೆದ ಜಿಡ್ಡುನೀರು ಮಳೆನೀರಿನ ಗಟಾರಕ್ಕೆ ಹೋದರೆ ಪೈಪಿನ ಒಳಗೋಡೆಗೆ ಎಣ್ಣೆ ಹೆಪ್ಪುಗಟ್ಟುತ್ತದೆ, ಅದರ ಮೇಲೆ ಮಣ್ಣು ಕೂರುತ್ತದೆ, ಒಂದಡಿಯ ಪೈಪು ಅರ್ಧ ಅಡಿಯಾಗುತ್ತದೆ. ನೋಟಿಸು ಅಂಟಿಸುವುದಕ್ಕಿಂತ ಏಪ್ರಿಲ್‌ನಲ್ಲೇ ಗಲ್ಲಾದ ಹತ್ತಿರ ನಿಂತು ‘ಶೆಟ್ರೇ, ಜಿಡ್ಡಿನ ತೊಟ್ಟಿ ಬಳಿಸಿದ್ದೀರಾ? ಒಮ್ಮೆ ತೋರಿಸಿ’ ಎಂದು ಕೇಳುವುದು ಮೇಲು. ಹೋಟೆಲಿನ ನೆಲಮಾಳಿಗೆಯಲ್ಲಿ ಮಲಗುವ ಹುಡುಗರನ್ನು ರೆಡ್ ಅಲರ್ಟ್‌ನ ರಾತ್ರಿ ಮೇಲಕ್ಕೆ ಕಳಿಸಿ ಎಂದೂ ಅಲ್ಲೇ ಹೇಳಿಬಿಡುತ್ತೇವೆ.

ನೀರು ಬೇಗ ಇಳಿಯಲಿ ಎಂದು ಮ್ಯಾನ್‌ಹೋಲ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆಗೆಯಬಾರದು, ತೆಗೆಯಲು ಯಾರಿಗೂ ಅವಕಾಶ ಕೊಡಬಾರದು. 2017ರ ಆಗಸ್ಟ್ 29ರಂದು ತೆರೆದ ಮ್ಯಾನ್‌ಹೋಲಿಗೆ ಬಿದ್ದು ನಗರದ ಹಿರಿಯ ವೈದ್ಯರೊಬ್ಬರು ತೀರಿಕೊಂಡರು. ಕಂದು ನೀರಿನಡಿ ಆ ಬಾಯಿ ಯಾರಿಗೂ ಕಾಣುವುದಿಲ್ಲ. ಮುಚ್ಚಳದ ಕೆಳಗೆ ಕಬ್ಬಿಣದ ಜಾಲರಿ ಇದೆಯೇ ಎಂದು ಒಂದೊಂದನ್ನೂ ಎತ್ತಿ ನೋಡುವ ಕೆಲಸ ಮಳೆಗೆ ಮುಂಚೆ ಮುಗಿದಿರಬೇಕು.

ಸುರಿಯುವಾಗ ನಾವು ನೋಡುವುದು ಹತ್ತಿರದ ಮಳೆಮಾಪನ ಕೇಂದ್ರದ 15 ನಿಮಿಷದ ಅಂಕಿ. 15 ನಿಮಿಷಕ್ಕೆ 12 ಮಿ.ಮೀ. ದಾಟಿತೆಂದರೆ ಗಂಟೆಗೆ 50ರ ಗಡಿ ಹತ್ತಿರ ಬಂತು. ಆಗಲೇ ಪಂಪು ಚಾಲೂ ಮಾಡಬೇಕು, ರಸ್ತೆಯಲ್ಲಿ ನೀರು ಕಾಣುವವರೆಗೆ ಕಾಯಬಾರದು. ಜೊತೆಗೇ ಆಸರೆಗೆ ಗೊತ್ತು ಮಾಡಿದ ಪಾಲಿಕೆ ಶಾಲೆಯ ಬೀಗ ತೆರೆಸಬೇಕು. ಕೀಲಿ ಯಾರ ಕೈಯಲ್ಲಿದೆ ಎಂಬುದು ಗೋಡೆಯ ಪಟ್ಟಿಯಲ್ಲಿ ಬರೆದಿರಲಿ.

ನೀರು ಇಳಿದ ಮೇಲೆ, ಅದರಲ್ಲಿ ಓಡಾಡಿದ ನಮ್ಮ ಕೆಲಸಗಾರರನ್ನು ಮೂರು ದಿನದೊಳಗೆ ವಾರ್ಡಿನ ದವಾಖಾನೆಗೆ ಕಳಿಸುತ್ತೇವೆ. ಕಾಲಿನ ಗಾಯದಿಂದ ಲೆಪ್ಟೊಸ್ಪೈರೋಸಿಸ್ (ಇಲಿ ಮುಂತಾದ ಪ್ರಾಣಿಗಳ ಮೂತ್ರ ಬೆರೆತ ನೀರಿನಿಂದ ಬರುವ ಜ್ವರ) ಹತ್ತದಂತೆ ಡಾಕ್ಟರು ನೋಡಿ ಡಾಕ್ಸಿಸೈಕ್ಲಿನ್ ಔಷಧ ಕೊಡುತ್ತಾರೆ.