‘ಫ್ಲೌಟ್’ ಕ್ರಿಯಾಪದ: ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು

ಇಂಗ್ಲಿಷ್ ವರದಿಗಳನ್ನು ಕನ್ನಡಕ್ಕೆ ತರುವುದು ಪತ್ರಿಕೆಯಲ್ಲಿ ನನ್ನ ಕೆಲಸ. ‘ಫ್ಲೌಟ್’ ಕಂಡ ಕೂಡಲೇ ‘ಉಲ್ಲಂಘನೆ’ ಎಂದು ಬರೆದು ಮುಂದಿನ ಸಾಲಿಗೆ ಹೋಗುವ ಕಿರಿಯರನ್ನು ಅಲ್ಲೇ ತಡೆಯುತ್ತೇನೆ. ಉಲ್ಲಂಘನೆಗೆ ‘ವಯೊಲೇಟ್’ ಸಾಕು. ಫ್ಲೌಟ್‌ನಲ್ಲಿ ತಿರಸ್ಕಾರವೂ ಬೆರೆತಿದೆ.

‘ವಾಹನ ನಿಲ್ಲಿಸಬಾರದು’ ಎಂಬ ಫಲಕ ಕೊಂಬೆಯ ಮರೆಯಲ್ಲಿದ್ದು, ಕಾಣದೆ ಒಬ್ಬರು ಸ್ಕೂಟರ್ ನಿಲ್ಲಿಸಿದರೆ ಅದು ವಯೊಲೇಟ್. ಫಲಕದ ಬುಡದಲ್ಲೇ ನಿಲ್ಲಿಸಿ, ಕಾನ್‌ಸ್ಟೆಬಲ್ ಕೂಗಿದರೂ ಕ್ಯಾರೇ ಎನ್ನದೆ ಕೀ ಜೇಬಿಗಿಳಿಸಿ ಹೊರಟರೆ ಅದು ಫ್ಲೌಟ್. ನಿಯಮವನ್ನು ಗಾಳಿಗೆ ತೂರುವುದು ಎನ್ನುತ್ತೇವಲ್ಲ, ಅದೇ. ನಿಮ್ಮ ವಾಕ್ಯದಲ್ಲಿ ‘ಗಾಳಿಗೆ ತೂರಿದರು’ ಎಂದು ಇಟ್ಟು ಓದಿ. ಅತಿಯಾಯಿತು ಅನ್ನಿಸಿದರೆ ಫ್ಲೌಟ್ ಕೂಡ ಅಲ್ಲಿಗೆ ಅತಿಯೇ.

ಉಚ್ಚಾರಣೆಯಲ್ಲಿ ‘ಔಟ್’ಗೆ ಪ್ರಾಸ. ಕರ್ಮಪದ ನೇರವಾಗಿ ಬರಬೇಕು: ‘ಫ್ಲೌಟೆಡ್ ದ ಲಾ’. ನಡುವೆ ‘ಅಗೇನ್‌ಸ್ಟ್’ ತುರುಕಬೇಡಿ. ಕಾನೂನು, ನ್ಯಾಯಾಲಯದ ಆದೇಶ, ಸಂಪ್ರದಾಯ ಇವೆಲ್ಲ ಕರ್ಮಪದವಾಗಬಹುದು. ವ್ಯಕ್ತಿಯನ್ನು ಫ್ಲೌಟ್ ಮಾಡುವ ಬಳಕೆ ಈಗ ಹಳತಾಗಿದೆ. ಶೇಕ್ಸ್‌ಪಿಯರ್ ಕಾಲದಲ್ಲಿ ಈ ಪದಕ್ಕೆ ಗೇಲಿ ಮಾಡು ಎಂಬ ಅರ್ಥವಿತ್ತು, ಆಗ ಮನುಷ್ಯರನ್ನೂ ಫ್ಲೌಟ್ ಮಾಡುತ್ತಿದ್ದರು. ಆ ಗೇಲಿಯ ಖಾರ ಇಂದಿಗೂ ಪದದಲ್ಲಿ ಉಳಿದಿದೆ.

‘ಡಿಫೈ’ ಜೊತೆ ಇದನ್ನು ಬೆರೆಸುವುದು ನನಗೆ ಎಲ್ಲಕ್ಕಿಂತ ನೋವಿನ ತಪ್ಪು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಸ್ವಾತಂತ್ರ್ಯ ಹೋರಾಟಗಾರರು ನಿಷೇಧಾಜ್ಞೆಯಿದ್ದರೂ ತ್ರಿವರ್ಣ ಧ್ವಜ ಹಾರಿಸಿದರು. ಅವರು ಆಜ್ಞೆಯನ್ನು ಧಿಕ್ಕರಿಸಿದವರು, ಬಂಧನಕ್ಕೂ ಸಿದ್ಧರಾಗಿ ಬಂದವರು. ಅಲ್ಲಿ ಡಿಫೈ ಎಂದೇ ಬರೆಯಬೇಕು. ಫ್ಲೌಟ್ ಎಂದರೆ ಅವರ ತ್ಯಾಗ ಉಡಾಫೆಯಾಗಿ ಕಾಣುತ್ತದೆ.

ಕಚೇರಿಯ ಪತ್ರ, ದೂರು ಬರೆಯುವವರು ಇನ್ನೂ ಎಚ್ಚರವಾಗಿರಿ. ಈ ಪದ ಬಳಸಿದೊಡನೆ ಎದುರಿನವರ ಮನಸ್ಸಿನಲ್ಲೇನಿತ್ತು ಎಂದೂ ನೀವು ತೀರ್ಪು ಕೊಟ್ಟಂತೆ. ಕಟ್ಟಡದ ಮಾಲೀಕರು ನೋಟಿಸ್ ತಲುಪಿದ ಮೇಲೂ ಮತ್ತೊಂದು ಮಹಡಿ ಏರಿಸಿದ್ದಾರೆಯೇ? ಧಾರಾಳವಾಗಿ ಬರೆಯಿರಿ. ನೋಟಿಸ್ ತಲುಪಿದ್ದಕ್ಕೆ ದಾಖಲೆ ಇಲ್ಲವೇ? ವಯೊಲೇಟ್‌ಗೆ ನಿಲ್ಲಿಸಿ.

‘ಫ್ಲಾಂಟ್’ ಬೇರೆಯೇ ಪದ, ಅದರರ್ಥ ಮೆರೆಸುವುದು. ಇಂಗ್ಲಿಷರೇ ಎಡವುವ ಜಾಗವಿದು. ಒಡವೆಯನ್ನು ಫ್ಲಾಂಟ್ ಮಾಡಬಹುದು, ಕಾನೂನನ್ನಲ್ಲ.