ಪ್ರೈಮರ್ ನೋಡಿ ಒತ್ತಡ ಹೇಳುವುದನ್ನು ನಾನು ಬಿಟ್ಟ ಬಗೆ

ಟೆಕ್ಸಾಸ್‌ನಲ್ಲಿ .308 ವಿಂಚೆಸ್ಟರ್ ರೈಫಲ್‌ಗೆ ಮನೆಯಲ್ಲೇ ತೋಟಾ ಲೋಡ್ ಮಾಡಲು (ಖಾಲಿ ಕೇಸಿಗೆ ಪ್ರೈಮರ್, ಪೌಡರ್, ಬುಲೆಟ್ ತುಂಬಲು) ಶುರು ಮಾಡಿ ಆರೇಳು ವರ್ಷ ಆಯಿತು. ರೇಂಜಿನ ಹಿರಿಯರು ಕಲಿಸಿದ್ದು ಒಂದೇ ಪಾಠ. ಪ್ರೈಮರ್, ಅಂದರೆ ತೋಟಾದ ತಳದಲ್ಲಿ ಪೌಡರಿಗೆ ಕಿಡಿ ಹೊತ್ತಿಸುವ ಪುಟ್ಟ ಬಿಲ್ಲೆ, ಹಾರಿಸಿದ ಮೇಲೆ ಚಪ್ಪಟೆ ಆದರೆ ಒತ್ತಡ ಜಾಸ್ತಿ, ಪೌಡರ್ ಇಳಿಸು; ಅಂಚು ದುಂಡಗಿದ್ದರೆ ಭಯವಿಲ್ಲ. ನಾನು ಬುಲೆಟ್ ವೇಗ ಅಳೆದು ಒತ್ತಡ ಅಂದಾಜು ಮಾಡುತ್ತೇನೆ ಅಂದಾಗ "ಅದೆಲ್ಲ ಆಗಲ್ಲ ಬಿಡು" ಅಂದವರೇ ಜಾಸ್ತಿ. ಈಗ ಅವರಲ್ಲೇ ಇಬ್ಬರು ಹೊಸ ಲೋಡ್ ಮಾಡಿದರೆ ಮೊದಲು ನನ್ನ ಹತ್ತಿರ ತರುತ್ತಾರೆ.

ಇದು ನಷ್ಟದಿಂದ ಕಲಿತದ್ದು. ಮಿಲಿಟರಿ ಬ್ರಾಸ್ (ಸೈನ್ಯದ ತೋಟಾಗಳ ಖಾಲಿ ಹಿತ್ತಾಳೆ ಕೇಸ್) ಅಗ್ಗಕ್ಕೆ ಸಿಕ್ಕಿತು. ಅದಕ್ಕೂ ಹಳೆಯ ತೂಕದ ಪೌಡರನ್ನೇ ಹಾಕಿದೆ. ಗೋಡೆ ದಪ್ಪ, ಒಳಗೆ ಜಾಗ ಕಮ್ಮಿ, ಅದಕ್ಕೇ ಅದೇ ಪೌಡರಿಗೆ ಒತ್ತಡ ಜಾಸ್ತಿ. ಆಮೇಲೆ ನೀರು ತುಂಬಿ ತೂಗಿದರೆ ಒಂದೂವರೆ ಗ್ರೇನ್ (ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ) ವ್ಯತ್ಯಾಸ! ಪ್ರೈಮರ್‌ಗಳು ಮಾತ್ರ ದುಂಡಗೇ ಇದ್ದವು. ಮೂರನೇ ಸಲಕ್ಕೆ ಬಂದೂಕಿನ ಬೋಲ್ಟ್ ಬಿಗಿಯಾಯಿತು, ಕೇಸಿನ ತಳದಲ್ಲಿ ಅದನ್ನು ಹೊರಗೆ ತಳ್ಳುವ ಇಜೆಕ್ಟರಿನ ಗುರುತು ಬಿತ್ತು, ಪ್ರೈಮರ್ ಕೂರುವ ಪಾಕೆಟ್ ಸಡಿಲವಾಯಿತು. ಐವತ್ತು ಕೇಸ್ ಕಸಕ್ಕೆ. .308ರ ಒತ್ತಡದ ಮಿತಿ 62,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಬ್ರಾಸ್‌ನಲ್ಲಿ ಗುರುತು ಕಾಣುವ ಹೊತ್ತಿಗೆ ಅದನ್ನು ಎಂದೋ ದಾಟಿರುತ್ತೀರಿ.

ಒತ್ತಡಕ್ಕೆ ಕೇಸಿನ ತಳ ಎಷ್ಟು ಹಿಗ್ಗಿತು ಅಂತ ಅಳೆಯಲು 150 ಡಾಲರ್‌ನ ಮೈಕ್ರೋಮೀಟರ್ ಕೊಂಡೆ. ಹುಡುಕಬೇಕಾದ್ದು ಇಂಚಿನ ಹತ್ತುಸಾವಿರದಲ್ಲಿ ಐದು ಭಾಗ. ಒಂದೇ ಕೇಸನ್ನು ಎರಡು ಸಲ ಹಿಡಿದರೆ ಅಷ್ಟೇ ವ್ಯತ್ಯಾಸ ಬರುತ್ತಿತ್ತು. ಆ ದುಡ್ಡು ಸುಮ್ನೆ ಹೋಯಿತು. ಬುಲೆಟ್ ವೇಗವನ್ನು ಬೆಳಕಿನಿಂದ ಓದುವ ಹಳೆಯ ಕ್ರೋನೋಗ್ರಾಫ್ (ವೇಗಮಾಪಕ) ಮೋಡ ಬಂದರೆ ತಪ್ಪು ಹೇಳುತ್ತಿತ್ತು. ಕೊನೆಗೆ ಸುಮಾರು 600 ಡಾಲರ್ ಕೊಟ್ಟು ರಡಾರ್‌ನದು ತಂದೆ.

ಲೆಕ್ಕ ಸರಳ. ಲೋಡ್ ತೂಕ, ವೇಗ ಕೊಡುವ ಪುಸ್ತಕದ ಬ್ಯಾರೆಲ್ 24 ಇಂಚು, ನನ್ನದು 20. ಇಂಚಿಗೆ ಸೆಕೆಂಡಿಗೆ 20-25 ಅಡಿ ಕಳೆಯುತ್ತೇನೆ. 168 ಗ್ರೇನ್ ಬುಲೆಟ್‌ಗೆ ಗರಿಷ್ಠ ಲೋಡಿನ ವೇಗ 2700 ಅಂತಿದ್ದರೆ ನನಗೆ ಬರಬೇಕಾದ್ದು 2600ರ ಆಸುಪಾಸು. ಆ ಮಿಲಿಟರಿ ಬ್ರಾಸ್‌ನ ಉಳಿದ ಲೋಡ್‌ಗಳನ್ನು ಹಾರಿಸದೆ ಬಿಚ್ಚಿ, ಪೌಡರ್ ಹತ್ತು ಪರ್ಸೆಂಟ್ ಇಳಿಸಿ ಮೊದಲಿನಿಂದ ಏರಿಸಿದೆ. ಪುಸ್ತಕದ ಗರಿಷ್ಠ ತೂಕಕ್ಕೆ ಇನ್ನೂ ಒಂದು ಗ್ರೇನ್ ಬಾಕಿ ಇರುವಾಗಲೇ 2600 ಬಂತು! ವೇಗ ಸುಮ್ನೆ ಬರಲ್ಲ, ಒತ್ತಡದಿಂದಲೇ ಬರಬೇಕು ಅಲ್ವಾ? ತೂಕವಾಗಲಿ ವೇಗವಾಗಲಿ, ಯಾವುದು ಮೊದಲು ಮುಟ್ಟಿದರೂ ನಾನು ಅಲ್ಲಿಗೇ ನಿಲ್ಲಿಸುತ್ತೇನೆ.

ಪೌಡರ್ ಬಿಸಿಯಾದರೆ ಒತ್ತಡ ಏರಬಹುದು ಅಂತ ನಡುವೆ ಬಿಸಿಲಿನ ಪರೀಕ್ಷೆಯೂ ಮಾಡಿದೆ. ಆಗಸ್ಟ್‌ನಲ್ಲಿ ಕೆಲವು ತೋಟಾ ಬಿಸಿಲಲ್ಲಿ, ಕೆಲವು ಐಸ್ ಡಬ್ಬಿಯಲ್ಲಿ. ಬಿಸಿಲಲ್ಲಿಟ್ಟ ಹಳೆಯ ಬಾಲ್ ಪೌಡರಿನ (ಸಣ್ಣ ದುಂಡು ಕಾಳಿನ ಪೌಡರ್) ವೇಗ ನೆನಪಿದ್ದಂತೆ ಸೆಕೆಂಡಿಗೆ ನಲವತ್ತು ಅಡಿ ಏರಿತು. ವಾರ್ಗೆಟ್ ಅನ್ನುವ ಪೌಡರಿನದು ಹತ್ತೂ ಏರಲಿಲ್ಲ. ಅಂದಿನಿಂದ ಬೇಸಿಗೆಗೆ ಅದೇ.

ನನ್ನ ಪೌಡರ್ ತೂಕ ಇಲ್ಲಿ ಬರೆಯಲ್ಲ, ಅದು ನನ್ನ ಬಂದೂಕಿಗೆ ಮಾತ್ರ. ಪಾಕೆಟ್ ಬಿಗಿಯನ್ನು ಕೈಯಲ್ಲೇ ಅಳೆಯುವ ಉಪಾಯವೂ ನನ್ನ ಹತ್ತಿರವೇ ಇರಲಿ. ಈಗಿನ ಬ್ರಾಸ್ ಒಂಬತ್ತನೇ ಸಲ ಲೋಡ್ ಆಗಿದೆ, ಪ್ರೈಮರ್ ಇನ್ನೂ ಗಟ್ಟಿಯಾಗಿ ಕೂರುತ್ತಿದೆ.