ತಾರಸಿ ತೋಟ ಕಲಿಯಬೇಕೇ? ಮೊದಲು ಲಾಲ್‌ಬಾಗ್‌ನ ಮರಗಳ ಕೆಳಗೆ ನಡೆಯಿರಿ

ಅಪಾರ್ಟ್‌ಮೆಂಟಿನ ನಾಲ್ಕಾರು ಮನೆಯವರು, ಇಲ್ಲವೇ ಬಡಾವಣೆಯ ಗೆಳತಿಯರು ಸೇರಿ ಕೈತೋಟದ ತರಗತಿ ಶುರು ಮಾಡಬೇಕು ಅಂದುಕೊಂಡಿದ್ದೀರಾ? ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಕಾಲ ಅದಕ್ಕೆ ಹೇಳಿ ಮಾಡಿಸಿದ್ದು. ಆದರೆ ಕುಂಡ, ಗೊಬ್ಬರ ಕೊಳ್ಳಲು ಅವಸರ ಬೇಡ. ಮೊದಲ ಪಾಠ ಲಾಲ್‌ಬಾಗ್‌ನಲ್ಲಿ ಆಗಲಿ. ಮರ ಯಾವಾಗ ಎಲೆ ಉದುರಿಸುತ್ತದೆ, ಯಾವಾಗ ಹೂ ಬಿಡುತ್ತದೆ, ಆ ಹೂವಿಗೆ ಯಾರು ಬರುತ್ತಾರೆ ಎಂದು ಕಣ್ಣಾರೆ ನೋಡಿದವರಿಗೆ ಮನೆಯ ಕುಂಡದಲ್ಲಿ ನಡೆಯುವುದೂ ಬೇಗ ಅರ್ಥವಾಗುತ್ತದೆ.

1760ರಲ್ಲಿ ಹೈದರಾಲಿ ಶುರು ಮಾಡಿದ ಈ ತೋಟ ಈಗ 240 ಎಕರೆಯಷ್ಟಿದೆ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಅವರು ಬೆಂಗಳೂರಿಗೆ ಒಂದು ಒಳ್ಳೆಯ ಉಪಾಯ ಕೊಟ್ಟರು. ಒಂದು ಜಾತಿಯ ಮರದ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಜಾತಿ ಅರಳಬೇಕು, ಹಾಗೆ ಸರದಿಯಲ್ಲಿ ಮರ ನೆಡಬೇಕು ಎಂದರು. ನಿಮ್ಮ ತರಗತಿಯನ್ನೂ ಈ ಸರದಿಗೇ ಹೊಂದಿಸಿ. ಮೂರು ನಡಿಗೆ, ಪ್ರತಿ ನಡಿಗೆಯ ಬೆನ್ನಿಗೆ ಮನೆಯಲ್ಲಿ ಒಂದು ಕೆಲಸ.

ಗುಂಪು ಕಟ್ಟುವುದು

ಹನ್ನೆರಡು ಹದಿನೈದು ಜನ ಸಾಕು. ಅದಕ್ಕಿಂತ ಜಾಸ್ತಿ ಆದರೆ ಹಿಂದಿದ್ದವರಿಗೆ ಏನೂ ಕೇಳಿಸುವುದಿಲ್ಲ. ಮಕ್ಕಳೂ ಇರಲಿ, ಅಜ್ಜ ಅಜ್ಜಿಯರೂ ಇರಲಿ. ಊರಿನಲ್ಲಿ ಬೇಸಾಯ ಮಾಡಿ ಬಂದ ಹಿರಿಯರೊಬ್ಬರಿದ್ದರೆ ತರಗತಿಯ ಅರ್ಧ ಭಾರ ಇಳಿದಂತೆ. ಬೆಳಿಗ್ಗೆ ಏಳರೊಳಗೆ ಗೇಟಿನ ಹತ್ತಿರ ಸೇರಿ. ಮೆಟ್ರೊದ ಹಸಿರು ಮಾರ್ಗದಲ್ಲಿ ಲಾಲ್‌ಬಾಗ್ ನಿಲ್ದಾಣವೇ ಇದೆ, ಕಾರು ಬೇಡ. ಒಂದು ನೋಟ್‌ಬುಕ್, ಪೆನ್ಸಿಲ್, ಭೂತಗನ್ನಡಿ, ಸ್ಟೀಲ್ ಬಾಟಲಿಯಲ್ಲಿ ನೀರು ಇದ್ದರೆ ಆಯಿತು. ಒಳಗೆ ಗುಂಪಾಗಿ ಕೂತು ಪಾಠ ಮಾಡುವುದಿದ್ದರೆ ಮೊದಲೇ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿಕೊಳ್ಳಿ.

ಮರದಿಂದ ಏನನ್ನೂ ಕೀಳಬಾರದು. ಬಿದ್ದ ಹೂವನ್ನು ಎತ್ತಿ ನೋಡಿ, ಅಲ್ಲೇ ಬಿಟ್ಟು ಬನ್ನಿ. ಹೆಜ್ಜೇನು ಕಟ್ಟಿದ ಮರದ ಕೆಳಗೆ ನಿಲ್ಲುವುದು, ಕೂಗಾಡುವುದು ಬೇಡವೇ ಬೇಡ. ಆ ದಿನ ಸೆಂಟ್ ಹಾಕಿಕೊಳ್ಳದೆ ಬರಲು ಎಲ್ಲರಿಗೂ ಹೇಳಿ.

ಮೊದಲ ನಡಿಗೆ: ಫೆಬ್ರವರಿ ಕೊನೆ

ಟಬೆಬುಯಾ ಗುಲಾಬಿ ಬಣ್ಣದಲ್ಲಿ ತುಂಬಿ ನಿಂತಿರುವ ಕಾಲ. ಎಲ್ಲರೂ ಫೋಟೊ ತೆಗೆಯುತ್ತಾರೆ, ತೆಗೆಯಲಿ. ಆಮೇಲೆ ಒಂದು ಪ್ರಶ್ನೆ ಕೇಳಿ: ಕೊಂಬೆಯಲ್ಲಿ ಎಲೆ ಎಲ್ಲಿ ಹೋಯಿತು? ಒಣ ತಿಂಗಳಲ್ಲಿ ಎಲೆ ಉದುರಿಸಿದರೆ ಮರಕ್ಕೆ ನೀರು ಉಳಿಯುತ್ತದೆ. ಎಲೆಯ ಮರೆ ಇಲ್ಲದ್ದರಿಂದ ಹೂವು ಜೇನಿಗೆ ದೂರದಿಂದಲೇ ಕಾಣುತ್ತದೆ. ಅಮೆರಿಕ ಖಂಡದಿಂದ ಬಂದ ಟಬೆಬುಯಾದಂತೆ ನಮ್ಮದೇ ಮುತ್ತುಗ, ಬೂರುಗಗಳೂ ಬೋಳು ಕೊಂಬೆಯಲ್ಲೇ ಹೂ ಬಿಡುತ್ತವೆ. ಬೂರುಗದ ಕೆಂಪು ಹೂವೊಂದು ಬಿದ್ದಿದ್ದರೆ ಅಂಗೈಯಲ್ಲಿಟ್ಟು ನೋಡಿ. ದಪ್ಪ ಎಸಳು, ಗೊಂಚಲು ಗೊಂಚಲು ಕೇಸರ. ಮಕರಂದಕ್ಕೆ ಬರುವ ಮೈನಾಗಳ ಮುಖಕ್ಕೆ ಪರಾಗ ಮೆತ್ತಿಕೊಳ್ಳುವುದು ಹೇಗೆ ಎಂದು ಮಕ್ಕಳಿಗೆ ಆಗ ಹೇಳಬೇಕಾಗಿಲ್ಲ, ಅವರ ಬೆರಳಿಗೇ ಅಂಟಿರುತ್ತದೆ.

ಹಲಗೆಯಂಥ ಬೇರುಗಳ ದೈತ್ಯ ಬಿಳಿ ಬೂರುಗವನ್ನು ತಪ್ಪಿಸಬೇಡಿ. ಸುಮಾರು 300 ಕೋಟಿ ವರ್ಷ ಹಳೆಯ ಬಂಡೆಯನ್ನೂ ಹತ್ತಿ ಬನ್ನಿ.

ಅದೇ ವಾರ ಮನೆಯಲ್ಲಿ ಬಿತ್ತನೆ. ಕೆಂಪು ಮಣ್ಣು, ಕಾಂಪೋಸ್ಟ್ ಅಥವಾ ಎರೆಗೊಬ್ಬರ, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮೂರನ್ನೂ ಸಮ ಪಾಲಿನಲ್ಲಿ ಕಲಸಿ. ಕುಂಡದ ತಳದ ತೂತಿನ ಮೇಲೆ ಹೆಂಚಿನ ಚೂರು ಇಡಿ. ಈ ಕಾಲಕ್ಕೆ ಬೆಂಡೆ, ಗೋರಿಕಾಯಿ, ಅಲಸಂದೆ, ಹೀರೆ, ಕುಂಬಳ ಚೆನ್ನಾಗಿ ಬರುತ್ತವೆ. ಬೆಂಡೆ ಬೀಜವನ್ನು ಹಿಂದಿನ ರಾತ್ರಿ ನೆನೆಹಾಕಿ. ಬೀಜದ ದಪ್ಪಕ್ಕೆ ಎರಡು ಮೂರು ಪಟ್ಟು ಆಳ ಸಾಕು. ಹೊಸಬರಲ್ಲಿ ಹೆಚ್ಚಿನವರು ತೀರಾ ಆಳಕ್ಕೆ ಹಾಕಿ, ಮೊಳಕೆ ಬರಲಿಲ್ಲ ಎಂದು ಬೇಜಾರಾಗುತ್ತಾರೆ. ಬೆಂಡೆಗೆ ಹನ್ನೆರಡು ಇಂಚಿನ ಕುಂಡ ಸಾಲುತ್ತದೆ. ಹೀರೆ, ಕುಂಬಳಕ್ಕೆ ಅದಕ್ಕಿಂತ ದೊಡ್ಡ ಗ್ರೋ ಬ್ಯಾಗ್ ಮತ್ತು ಹಬ್ಬಲು ಜಾಗ ಬೇಕು. ಬೆಂಡೆಗೆ ಹಳದಿ ನಂಜು ರೋಗದ ಕಾಟ ಇದ್ದದ್ದೇ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ 'ಅರ್ಕಾ ಅನಾಮಿಕಾ' ತಳಿಯನ್ನು ಆ ರೋಗ ತಡೆಯಲೆಂದೇ ಬೆಳೆಸಿದ್ದು.

ಕ್ರುಂಬಿಗಲ್ ಅವರ ಸರದಿ ನಿಜವಾಗಿ ಕೈಗೆ ಬರುವುದು ಸೊಪ್ಪಿನಲ್ಲಿ. ಎಲ್ಲ ಟ್ರೇಗೂ ಒಂದೇ ದಿನ ಮೆಂತ್ಯ ಹಾಕಿದರೆ ಒಂದೇ ವಾರದಲ್ಲಿ ರಾಶಿ ಬಂದು ಮುಗಿದುಹೋಗುತ್ತದೆ. ಮೂರು ಟ್ರೇ ಇಟ್ಟುಕೊಳ್ಳಿ. ಇವತ್ತು ಒಂದು, ಹತ್ತು ದಿನಕ್ಕೆ ಇನ್ನೊಂದು, ಮತ್ತೆ ಹತ್ತು ದಿನಕ್ಕೆ ಮೂರನೆಯದು. ಮೂರನೆಯದಕ್ಕೆ ಬಿತ್ತಿದ ಕೆಲವೇ ದಿನಕ್ಕೆ ಮೊದಲಿನದು ಕೊಯ್ಲಿಗೆ ಬರುತ್ತದೆ. ಹರಿವೆಗೂ ಹೀಗೇ. ಕೊತ್ತಂಬರಿ ಮಾತ್ರ ಬಿಸಿಲಿಗೆ ಬೇಗ ಹೂವಿಗೆ ಹೋಗುತ್ತದೆ, ಮಧ್ಯಾಹ್ನದ ನೆರಳು ಬೀಳುವ ಕಡೆ ಇಡಿ. ಕೊತ್ತಂಬರಿ ಬೀಜವನ್ನು ಲಟ್ಟಣಿಗೆಯಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಹಾಕಿ.

ಎರಡನೇ ನಡಿಗೆ: ಹೊಂಗೆ ಅರಳಿದಾಗ

ತಾರೀಖನ್ನು ಮೊದಲೇ ಗೊತ್ತುಮಾಡಬೇಡಿ. ಮಾರ್ಚ್ ಕೊನೆಗೋ ಏಪ್ರಿಲ್ ಮೊದಲಿಗೋ ನಿಮ್ಮ ಬೀದಿಯ ಹೊಂಗೆ ಹೊಸ ಎಲೆ ಬಿಟ್ಟು ಹೂವಾದಾಗ ಹೊರಡಿ. ಯುಗಾದಿಯ ಆಸುಪಾಸು ಬೇವೂ ಹೂ ಬಿಟ್ಟಿರುತ್ತದೆ. ಹೊಂಗೆಯ ಕೆಳಗೆ ಐದು ನಿಮಿಷ ಯಾರೂ ಮಾತಾಡದೆ ನಿಲ್ಲಿ. ಇಡೀ ಮರ ಗುಂಯ್‌ಗುಡುತ್ತಿರುತ್ತದೆ. ಪರಾಗಸ್ಪರ್ಶದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಯಾಕೆಂದರೆ ಹೆಚ್ಚುಕಡಿಮೆ ಇದೇ ಹೊತ್ತಿಗೆ ನಿಮ್ಮ ತಾರಸಿಯ ಬಳ್ಳಿಗಳೂ ಹೂ ಬಿಡಲು ಶುರು ಮಾಡುತ್ತವೆ. "ಹೂ ತುಂಬಾ ಬರ್ತಿದೆ, ಕಾಯಿ ಮಾತ್ರ ಇಲ್ಲ" ಎನ್ನುವ ದೂರು ಪ್ರತಿ ಗುಂಪಿನಲ್ಲೂ ಇದ್ದೇ ಇರುತ್ತದೆ, ಅಲ್ವಾ? ಈ ಬಳ್ಳಿಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಸಾಮಾನ್ಯವಾಗಿ ಗಂಡು ಹೂ ಮೊದಲು ಬರುತ್ತದೆ, ಹಾಗಾಗಿ ಗಾಬರಿ ಬೇಡ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿ ಕಾಣುತ್ತದೆ. ಮೇಲಿನ ಮಹಡಿಗೆ ಜೇನು ಬರದಿದ್ದರೆ ಆ ಕೆಲಸ ನೀವೇ ಮಾಡಬೇಕು. ಗಂಡು ಹೂವೊಂದನ್ನು ಕಿತ್ತು, ಎಸಳು ತೆಗೆದು, ಅದರ ಪರಾಗವನ್ನು ಹೆಣ್ಣು ಹೂವಿನ ನಡುವಿಗೆ ಮೆತ್ತಗೆ ಸವರಿ. ಹೊತ್ತು ಮುಖ್ಯ. ಕುಂಬಳದ ಹೂ ಅರಳುವುದು ಬೆಳಗಿನ ಜಾವ, ಬಿಸಿಲೇರುವ ಮುಂಚೆ ಮಾಡಿ ಮುಗಿಸಿ. ಹೀರೆ, ಸೋರೆ ಅರಳುವುದು ಸಂಜೆ. ಬೆಳಿಗ್ಗೆ ಹೋಗಿ ಹೀರೆ ಹೂವಿಗೆ ಕಾದರೆ ಸುಮ್ನೆ ದಣಿವು.

ಗಿಡಹೇನು ಕಂಡರೆ ಮೊದಲು ನೀರು ಚಿಮ್ಮಿಸಿ. ಹೋಗದಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಎರಡು ಹನಿ ಸೋಪಿನ ದ್ರಾವಣ ಕಲಸಿ ಸಂಜೆ ಸಿಂಪಡಿಸಿ. ಹಗಲಲ್ಲಿ ಬೇಡ, ಎಲೆಯೂ ಸುಡುತ್ತದೆ, ಜೇನಿಗೂ ತೊಂದರೆ.

ಮೂರನೇ ನಡಿಗೆ: ಏಪ್ರಿಲ್ ಕೊನೆ

ಕಕ್ಕೆ, ಗುಲ್‌ಮೊಹರ್, ಹೊಳೆದಾಸವಾಳದ ಸರದಿ. ನೋಟ್‌ಬುಕ್ಕಿನಲ್ಲಿ ಫೆಬ್ರವರಿಯ ಪುಟ ತೆಗೆದು, ಅಂದು ನೋಡಿದ ಅದೇ ಬೂರುಗದ ಹತ್ತಿರ ಮತ್ತೆ ಹೋಗಿ. ಈಗ ಎಲೆ ಇದೆಯೇ, ಕಾಯಿ ಒಡೆದು ಹತ್ತಿ ಹಾರುತ್ತಿದೆಯೇ, ಬರೆದುಕೊಳ್ಳಿ. ಬೀದಿಯಲ್ಲಿ ಗುಡಿಸಿ ಗುಡ್ಡೆ ಹಾಕಿದ ಒಣ ಎಲೆ ಸಿಕ್ಕರೆ ಮನೆಗೆ ತನ್ನಿ. ಕುಂಡದ ಮಣ್ಣಿನ ಮೇಲೆ ಎರಡು ಇಂಚು ಹೊದಿಸಿದರೆ ಬೇಸಿಗೆಯ ನೀರು ಎಷ್ಟೋ ಉಳಿಯುತ್ತದೆ, ಬೀದಿಯಲ್ಲಿ ಒಣ ಎಲೆಗೆ ಬೆಂಕಿ ಹಚ್ಚುವುದೂ ತಪ್ಪುತ್ತದೆ.

ಮುಂಗಾರಿಗೆ ಟೊಮೆಟೊ, ಮೆಣಸಿನಕಾಯಿ, ಬದನೆ ಸಸಿ ಬೇಕಿದ್ದರೆ ಈಗಲೇ ಟ್ರೇಯಲ್ಲಿ ಬೀಜ ಹಾಕಿ; ನಾಲ್ಕರಿಂದ ಐದು ವಾರದಲ್ಲಿ ನಾಟಿಗೆ ಸಿದ್ಧ. ಇನ್ನೂ ಕಲಿಯುವ ಆಸೆಯಿದ್ದರೆ, ತೋಟಗಾರಿಕೆ ಇಲಾಖೆ ಆಗಾಗ ಕೈತೋಟ ಮತ್ತು ತಾರಸಿ ತೋಟದ ತರಬೇತಿ ನಡೆಸುತ್ತದೆ. ಮುಂದಿನದು ಯಾವಾಗ ಎಂದು ಈ ನಡಿಗೆಯ ದಿನವೇ ಲಾಲ್‌ಬಾಗ್ ಕಚೇರಿಯಲ್ಲಿ ವಿಚಾರಿಸಿಕೊಂಡು ಬನ್ನಿ.